ಜ್ಯೋತಿ ತಾನಾಗೇ ಹತ್ತುತ್ತಾ ಅಂತ ಹುಡುಗ ಕೇಳಿದ, ನಾನು "ಹೂಂ" ಅಂದುಬಿಟ್ಟೆ

ಬರಿಗಾಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನನಗೆ 26 ವರ್ಷ. ತುಮಕೂರು ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಯಾರೋ "ಎಲ್ಲಾ ಸರಿ ಇದೆ" ಅಂದದ್ದನ್ನು ನಂಬದೆ ತಿರುಗಿ ತಿರುಗಿ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಅಪ್ಪ ಹನ್ನೊಂದು ಸಲ ಶಬರಿಮಲೆಗೆ ಹೋಗಿ ಬಂದವರು. ನಾಲ್ಕು ವರ್ಷದ ಹಿಂದೆ ಅವರ ಮಂಡಿ ಕೈಕೊಟ್ಟಿತು. "ನನ್ನ ಬದಲು ನೀನು ಹೋಗಿ ಬಾ" ಅಂದರು. ದೇವರನ್ನು ನಂಬಿ ಅಲ್ಲ, ಅಪ್ಪನ ಮಾತು ಮೀರಲಾಗದೆ ಮಾಲೆ ಹಾಕಿದೆ.

ಇದು ನಾಲ್ಕನೇ ಸಲ. ಮೊದಲ ಮೂರು ಸಲ ಪಂಪೆಯಿಂದ ಹತ್ತಿ ಇಳಿದು ಬಂದಿದ್ದೆ. ಈ ಸಲ ಎರುಮೇಲಿಯಿಂದ ದೊಡ್ಡ ಪಾದ. ಪೂರ್ತಿ ಕಾಡಿನ ದಾರಿ. ಜೊತೆಗೆ ಚಿಕ್ಕಮ್ಮನ ಮಗ, 11 ವರ್ಷದವನು, ಕನ್ನಿಸ್ವಾಮಿ, ಅಂದರೆ ಮೊದಲ ಸಲ ಹೋಗುವವನು. ಅಳುದಾ ನದಿಯಲ್ಲಿ ಮುಳುಗಿ ಒಂದು ಕಲ್ಲು ಎತ್ತಿಕೊಂಡು, ಮುಂದೆ ಗುಡ್ಡದ ಮೇಲೆ ಅದನ್ನು ಹಾಕಬೇಕು. ಇವನು ಸುಮಾರು ದೊಡ್ಡ ಕಲ್ಲನ್ನೇ ಆರಿಸಿದ. ಏರು ಹತ್ತುವಾಗ ಏದುಸಿರು. "ಕೊಡು, ನಾನು ಹಿಡ್ಕೋತೀನಿ" ಅಂದರೆ "ಇದು ನನ್ನದು ಸ್ವಾಮಿ" ಅಂದ. ಮನೆಯಲ್ಲಿ ಅಣ್ಣಾ ಅನ್ನುವವನು ಮಾಲೆ ಹಾಕಿದ ದಿನದಿಂದ ನನ್ನನ್ನು ಸ್ವಾಮಿ ಅಂತಲೇ ಕರೆಯುತ್ತಿದ್ದ.

ಜನವರಿ 14ರ ಸಂಜೆ. ಗುಡಿಯ ಹತ್ತಿರದ ಪಾಂಡಿತ್ತಾವಳದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಎರಡು ದಿನದಿಂದ ಜಾಗ ಹಿಡಿದಿದ್ದೆವು. ಪಂದಳದಿಂದ ತಿರುವಾಭರಣ, ಅಂದರೆ ಅಯ್ಯಪ್ಪನ ಒಡವೆ, ಬಂತು ಅಂತ ಸುದ್ದಿ ಹರಡಿತು. ಆರೂವರೆ ದಾಟಿತು. ಎದುರಿನ ಬೆಟ್ಟ ಕಪ್ಪಗಾಗಿತ್ತು. ಒಮ್ಮೆ ಜ್ಯೋತಿ ಹತ್ತಿತು, ಆರಿತು. ಮತ್ತೆ. ಮತ್ತೊಮ್ಮೆ. ಮೂರು ಸಲ. ಅಷ್ಟೂ ಜನ ಒಟ್ಟಿಗೆ ಶರಣು ಕೂಗಿದಾಗ ಎದೆಯೊಳಗೆ ತಮಟೆ ಬಡಿದ ಹಾಗಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಲ್ಲ, ಬಂತು.

ಆಗ ಹುಡುಗ ನನ್ನ ಪಂಚೆ ಜಗ್ಗಿ ಕೇಳಿದ: "ಸ್ವಾಮಿ, ಅದು ತಾನಾಗೇ ಹತ್ತುತ್ತಾ?"

"ಹೂಂ" ಅಂದೆ.

ನನಗೆ ಗೊತ್ತಿತ್ತು. 2011ರಲ್ಲಿ ಕೇರಳ ಹೈಕೋರ್ಟ್ ಕೇಳಿದಾಗ ಗುಡಿ ನಡೆಸುವ ತಿರುವಾಂಕೂರು ದೇವಸ್ವಂ ಮಂಡಳಿಯೇ ಒಪ್ಪಿಕೊಂಡಿದೆ. ಆಕಾಶದಲ್ಲಿ ಕಾಣುವ ನಕ್ಷತ್ರ ಮಕರಜ್ಯೋತಿ. ಎದುರಿನ ಬೆಟ್ಟ ಪೊನ್ನಂಬಲಮೇಡುವಿನಲ್ಲಿ ಕಾಣುವ ಬೆಂಕಿ ಮಕರವಿಳಕ್ಕು, ಅದನ್ನು ಹಚ್ಚುವುದು ಮನುಷ್ಯರು. 2008ರಲ್ಲೇ ಗುಡಿಯ ಮುಖ್ಯ ಅರ್ಚಕರಾದ ತಂತ್ರಿ ಮನೆತನದವರೂ ಇದನ್ನು ಹೇಳಿದ್ದರು. ಇದೆಲ್ಲ ಓದಿಕೊಂಡೇ ಬೆಟ್ಟ ಹತ್ತಿದವನು ನಾನು.

ದೇವರು ಇದ್ದಾನೋ ಇಲ್ಲವೋ ಅಂತ ನಿಮ್ಮನ್ನು ಕೇಳುತ್ತಿಲ್ಲ. ಗೊತ್ತಿದ್ದವನ ಕಣ್ಣಲ್ಲಿ ನೀರು ಯಾಕೆ ಬಂತು? ಬಂದರೆ ಬರಲಿ, ಆ ಹುಡುಗನಿಗೆ ಯಾಕೆ ಸುಳ್ಳು ಹೇಳಿದೆ? ಊರಿಗೆ ಬಂದು ಆರು ದಿನ ಆಯಿತು. ಆ "ಹೂಂ" ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ.

ಪುರಾವೆ ಎಲ್ಲಿ

ಕಣ್ಣೀರಿಗೆ ಕಾರಣ ದೊಡ್ಡದೇನಲ್ಲ. ಎರಡು ದಿನ ನಡಿಗೆ, ಅರೆನಿದ್ದೆ, ಒಪ್ಪೊತ್ತು ಊಟ, ಸುತ್ತ ಲಕ್ಷಾಂತರ ಜನ ಒಂದೇ ಸ್ವರದಲ್ಲಿ ಕೂಗುತ್ತಾರೆ. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕೊನೆಯ ಬಾಲಿಗೆ ಸಿಕ್ಸರ್ ಹೋದಾಗಲೂ ಜನ ಅಳುತ್ತಾರೆ.

ಎರಡನೆಯದು ಮಾತ್ರ ಸಣ್ಣ ವಿಷಯ ಅಲ್ಲ. ನೀವು ಒಬ್ಬರು ಹೂಂ ಅಂದಿರಿ. ನಿಮ್ಮ ಹಾಗೆ ಗೊತ್ತಿದ್ದೂ ಹೂಂ ಅಂದವರು ಎಷ್ಟು ಜನರೋ. 1999ರ ಜನವರಿ 14ರಂದು ಪಂಪೆಯ ಹತ್ತಿರ ನೂಕುನುಗ್ಗಲಿನಲ್ಲಿ 50ಕ್ಕೂ ಜಾಸ್ತಿ ಜನ ಸತ್ತರು. 2011ರಲ್ಲಿ ಅದೇ ದಿನ, ಜ್ಯೋತಿ ಕಾಣುವ ಇನ್ನೊಂದು ಗುಡ್ಡ ಪುಲ್ಮೇಡುವಿನಲ್ಲಿ, ನೂರಕ್ಕೂ ಜಾಸ್ತಿ. ಎರಡೂ ಸಲ ಜ್ಯೋತಿ ನೋಡಲು ಸೇರಿದ್ದ ಜನ. ಅದು ಪವಾಡ ಅಂತ ಯಾರೂ ಹೇಳದೇ ಇದ್ದಿದ್ದರೆ ಅದೇ ಸಂಜೆ, ಅದೇ ಗುಡ್ಡದ ಮೇಲೆ ಅಷ್ಟು ಜನ ಸೇರುತ್ತಿದ್ದರಾ?

ತುಂಗೆಯ ದಡ

ಸ್ವಾಮಿ ಶರಣಂ. ನಾನು 23 ವರ್ಷದಿಂದ ಹೋಗುತ್ತಿದ್ದೇನೆ. ಹದಿನೆಂಟನೇ ವರ್ಷ ತೆಂಗಿನ ಸಸಿ ಹೊತ್ತುಕೊಂಡು ಹೋಗಿ ನೆಟ್ಟು ಬಂದವನು. ಈಗ ಗುಂಪಿಗೆ ಗುರುಸ್ವಾಮಿ.

ತಮ್ಮಾ, ನಮ್ಮ ಗುಂಪಿನ ಯಾವ ಕನ್ನಿಸ್ವಾಮಿಗೂ "ಅದು ತಾನಾಗಿ ಹತ್ತುತ್ತದೆ" ಅಂತ ನಾನು ಹೇಳಿಲ್ಲ. ಕೇಳಿದವರಿಗೆ "ದೀಪಾರಾಧನೆ ಆಗುತ್ತದೆ, ನಮಗೆ ದೂರದಿಂದ ಕಾಣುತ್ತದೆ" ಅಂತ ಹೇಳುತ್ತೇನೆ. ಹಿಂದೆ ಅಲ್ಲಿನ ಕಾಡಿನವರು, ಮಲ ಅರಯರು, ಆ ದೀಪ ಹಚ್ಚುತ್ತಿದ್ದರು ಅಂತ ನಮ್ಮ ಗುರುಸ್ವಾಮಿಯೇ ಹೇಳಿದ್ದರು. ಕಾಡಿನ ಜನ ಕಾಡಿನ ದೇವರಿಗೆ ಹಚ್ಚಿದ ದೀಪ. ಅದರಲ್ಲಿ ಕಡಿಮೆ ಏನಿದೆ? ನನಗಂತೂ ತಾನಾಗಿ ಹತ್ತುವುದಕ್ಕಿಂತ ಇದೇ ಹೆಚ್ಚು ಅನ್ನಿಸುತ್ತದೆ.

ವ್ರತ ಅನ್ನುವುದು ಜ್ಯೋತಿಯಲ್ಲಿ ಇಲ್ಲ. 41 ದಿನ ಬೆಳಗಿನ ಜಾವ ತಣ್ಣೀರು, ಬರಿಗಾಲು, ಚಾಪೆ ಮೇಲೆ ಮಲಗುವುದು, ಬೈಗುಳ ಬಾಯಿಗೆ ಬಂದರೂ ನುಂಗಿಕೊಳ್ಳುವುದು. ಬ್ಯಾಂಕಿನ ಮ್ಯಾನೇಜರೂ ಸ್ವಾಮಿ, ಅದೇ ಬ್ಯಾಂಕಿನ ಕಸ ಗುಡಿಸುವವನೂ ಸ್ವಾಮಿ. ಗುಡಿಯ ಮುಂದೆ "ತತ್ತ್ವಮಸಿ" ಅಂತ ಬರೆದಿದ್ದಾರೆ. ನೋಡಲು ಬಂದದ್ದು ನಿನ್ನೊಳಗೇ ಇದೆ ಅಂತ ಬಾಗಿಲಲ್ಲೇ ಹೇಳಿ ಕಳಿಸುವ ಗುಡಿ ಅದು.

ಕೊಚ್ಚಿ ಕನ್ನಡಿಗ

ಒಂದು ಚಿಕ್ಕ ಮಾತು. ಮಲಯಾಳದಲ್ಲಿ ವಿಳಕ್ಕು ಅಂದರೆ ದೀಪ. ನಮ್ಮ ಪಕ್ಕದ ಮನೆಯವರು ಸಂಜೆ ಹಚ್ಚುವುದೂ ವಿಳಕ್ಕೇ. ದೀಪ ಅಂದ ಮೇಲೆ ಹಚ್ಚುವವರು ಇರಲೇಬೇಕಲ್ವಾ? ಇಲ್ಲಿನವರ ಬಾಯಲ್ಲಿ ಅದು ಮಕರವಿಳಕ್ಕು. ಕನ್ನಡದ ಭಕ್ತರು ಎರಡನ್ನೂ ಸೇರಿಸಿ "ಜ್ಯೋತಿ" ಮಾಡಿಕೊಂಡರು. ಅರ್ಧ ಗೊಂದಲ ಅಲ್ಲೇ ಹುಟ್ಟಿತು ಅಂತ ನನಗೆ ಅನ್ನಿಸುತ್ತದೆ.

ಪುರಾವೆ ಎಲ್ಲಿ

ಹೆಸರಿನಲ್ಲೇ ಇತ್ತು ಅನ್ನುವುದು ಚೆನ್ನಾಗಿದೆ. ಹಾಗಾದರೆ ಮಂಡಳಿ ಕೋರ್ಟಿನ ಮುಂದೆ ಬಾಯಿ ಬಿಡಲು ಅಷ್ಟು ತಡ ಯಾಕೆ? ಅದೂ ನೂರು ಜನ ಸತ್ತ ಮೇಲೆ. ಹಚ್ಚುವ ಜಾಗ ಕಾಡಿನೊಳಗೆ, ಸಾಮಾನ್ಯರಿಗೆ ಪ್ರವೇಶ ಇಲ್ಲ. ಮುಚ್ಚುಮರೆ ಇಲ್ಲದ ದೀಪಕ್ಕೆ ಇಷ್ಟು ಮುಚ್ಚುಮರೆ ಯಾಕೆ?

ತುಂಗೆಯ ದಡದ ಗುರುಸ್ವಾಮಿಗಳ ಮೇಲೆ ನನಗೆ ಗೌರವ ಇದೆ. ಅವರ ಹಾಗೆ ಎಲ್ಲರೂ ಹೇಳಿದ್ದರೆ ನನಗೆ ತಕರಾರೇ ಇರುತ್ತಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಮೇಷ್ಟ್ರು ಖಾದಿ ಪಂಚೆ, ಟೋಪಿಯ ಗಾಂಧಿವಾದಿ, ಭೌತಶಾಸ್ತ್ರ ಓದಿದವರು. ಅವರ ಜಗಳ ಭಕ್ತರ ಜೊತೆಗಲ್ಲ. "ತೋರಿಸಿ" ಅಂದರೆ ತೋರಿಸದವರ ಜೊತೆ.

ಇನ್ನೊಂದು ಕತೆ. ಪವಾಡ ಬಯಲು ಮಾಡುತ್ತಾ ಊರೂರು ತಿರುಗಿದ ಅಬ್ರಹಾಂ ಕೋವೂರ್ ಹುಟ್ಟಿದ್ದು 1898ರಲ್ಲಿ, ತಿರುವಲ್ಲಾದಲ್ಲಿ. ಶಬರಿಮಲೆಗೆ ರೈಲಿನಲ್ಲಿ ಹೋಗುವವರು ಇಳಿಯುವ ಚೆಂಗನ್ನೂರಿನ ಪಕ್ಕದ ಊರು. ಅಪ್ಪ ಪಾದ್ರಿ. ಹುಡುಗನಾಗಿದ್ದಾಗ ಓದಲು ಕಲ್ಕತ್ತಕ್ಕೆ ಹೋದರು. ಊರವರು ಗಂಗಾಜಲ ತರಲು ಹೇಳಿದ್ದರಂತೆ. ಮರೆತೇಹೋಯಿತು. ವಾಪಸ್ ಬರುವಾಗ ರೈಲ್ವೆ ಸ್ಟೇಷನ್ನಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿ ಕೊಟ್ಟರು. ಆ ನೀರಿನಿಂದ ಗುಣವಾಯಿತು ಅಂತ ಜನ ಬಂದು ಹೇಳಿದರು! ಇದನ್ನು ಕೋವೂರರೇ ಹೇಳಿಕೊಂಡಿದ್ದಾರೆ.

ಸುಮ್ನೆ ಓದೋನು

ರೈಲ್ವೆ ನಲ್ಲಿ ನೀರು ಕುಡಿದೂ ಹೊಟ್ಟೆ ಕೆಡಲಿಲ್ಲವಲ್ಲ, ಅದೇ ಪವಾಡ ಮಾರಾಯ್ರೆ.

ಒಗ್ಗರಣೆ

ಗಂಡಸರು ಜ್ಯೋತಿ ಯಾರು ಹಚ್ಚಿದರು ಅಂತ ಕಿತ್ತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಒಲೆ ಯಾರು ಹಚ್ಚಿದರು ಅಂತ ನಾನು ಹೇಳುತ್ತೇನೆ ಕೇಳಿ.

ಅಪ್ಪ, ಅಣ್ಣ ಇಬ್ಬರೂ ಮಾಲೆ ಹಾಕುತ್ತಾರೆ. ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ಸ್ನಾನ ಮಾಡಿ ಅಡುಗೆ ಶುರು. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಸಂಜೆ ಭಜನೆಗೆ ಇಪ್ಪತ್ತು ಸ್ವಾಮಿಗಳು ಬಂದರೆ ಇಪ್ಪತ್ತೂ ಜನರಿಗೆ ಉಪ್ಪಿಟ್ಟು, ಕೇಸರಿಬಾತು. ಮುಟ್ಟಾದರೆ ನಾನು ಪಕ್ಕದ ಬೀದಿಯ ಅತ್ತೆ ಮನೆಗೆ ಹೋಗಬೇಕು, ಪರೀಕ್ಷೆ ಇದ್ದರೂ. ಹೀಗೆ 41 ದಿನ ವ್ರತ ನಮ್ಮದೂ ಆಯಿತಲ್ವಾ? ಬೆಟ್ಟ ಮಾತ್ರ ಅವರದು. ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಅಂದ 2018ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲಿನ ಗಲಾಟೆ ಇಲ್ಲಿ ಬೇಡ, ಎಳೆದರೆ ಮುಗಿಯಲ್ಲ.

ಬರಿಗಾಲು ಅವರಿಗೆ ಒಂದು ಪ್ರಶ್ನೆ. ಕನ್ನಿಸ್ವಾಮಿಗಳು ಬಾಣ ಚುಚ್ಚುವ ಜಾಗ ಶರಂಗುತ್ತಿಯಲ್ಲಿ ನಿಮ್ಮ ತಮ್ಮನೂ ಚುಚ್ಚಿದನಾ? ಕನ್ನಿಸ್ವಾಮಿ ಬಾರದ ವರ್ಷ ಪಕ್ಕದ ಗುಡಿಯ ದೇವಿ ಮಾಳಿಗಪ್ಪುರತ್ತಮ್ಮನನ್ನು ಮದುವೆಯಾಗುತ್ತೇನೆ ಅಂತ ಅಯ್ಯಪ್ಪ ಮಾತು ಕೊಟ್ಟಿದ್ದಾನೆ. ಪ್ರತಿ ವರ್ಷ ಅವಳು ಬಂದು ನೋಡಿ, ಬಾಣಗಳ ರಾಶಿ ಕಂಡು ವಾಪಸ್ ಹೋಗುತ್ತಾಳೆ. ಚಿಕ್ಕವಳಿದ್ದಾಗ ಈ ಕತೆ ಕೇಳಿ ಅಣ್ಣನ ಹತ್ತಿರ "ನೀನೊಬ್ಬ ಹೋಗಬೇಡ ಕಣೋ, ಪಾಪ ಅವಳು" ಅಂತ ಅತ್ತಿದ್ದೆ. ಕತೆ ಅಂತ ಗೊತ್ತು. ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಿಮ್ಮ ಕಣ್ಣೀರೂ ಅದೇ ಜಾತಿಯದು ಇರಬೇಕು.

ಲುಬ್ಧಕ

ನಕ್ಷತ್ರ ನೋಡುವ ಹುಚ್ಚಿನವನು ನಾನು. ಬೆಂಕಿಯ ವಿಷಯ ನಿಮಗೇ ಬಿಟ್ಟೆ, ಆಕಾಶದ ಜ್ಯೋತಿ ಬಗ್ಗೆ ಹೇಳುತ್ತೇನೆ.

ಅವತ್ತು ಸಂಜೆ ಬೆಟ್ಟದ ಮೇಲೆ ಕಾಣುವುದು ಲುಬ್ಧಕ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಲೆಕ್ಕಕ್ಕೆ ಕೂರುತ್ತದೆ. ಜನವರಿ ಮಧ್ಯದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಲುಬ್ಧಕ ಆಗ್ನೇಯಕ್ಕೆ ಆಗಲೇ ಎದ್ದಿರುತ್ತದೆ. ಕತ್ತಲು ಕವಿಯುತ್ತಿದ್ದಂತೆ ಗುಡ್ಡದ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ರಾತ್ರಿ ಆಕಾಶದ ಅತಿ ಹೊಳೆಯುವ ನಕ್ಷತ್ರ ಅದು. ದಿಗಂತದ ಹತ್ತಿರ ಇದ್ದಾಗ ಗಾಳಿಯ ಕಾರಣಕ್ಕೆ ಕೆಂಪು, ನೀಲಿ, ಬಿಳಿ ಅಂತ ಮಿನುಗುತ್ತದೆ. ಅವತ್ತೊಂದೇ ದಿನ ಅಲ್ಲ. ಹಿಂದಿನ ದಿನ, ಮರುದಿನ, ತುಮಕೂರಿನ ನಿಮ್ಮ ಮಹಡಿಯಿಂದಲೂ ಕಾಣುತ್ತದೆ. ದೂರ ಎಂಟೂವರೆ ಬೆಳಕಿನ ವರ್ಷಕ್ಕೆ ಸ್ವಲ್ಪ ಜಾಸ್ತಿ. ಅಂದರೆ ನೀವು ನೋಡಿದ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಕನ್ನಿಸ್ವಾಮಿ ಇನ್ನೂ ತೊಡೆ ಮೇಲೆ ಆಡುವ ಮಗು.

ಇನ್ನೊಂದು ತಮಾಷೆ. ಸಂಕ್ರಾಂತಿಗೆ ಉತ್ತರಾಯಣ ಶುರು ಅನ್ನುತ್ತೇವೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಆಸುಪಾಸು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬರುತ್ತಾ ಬರುತ್ತಾ ಇಷ್ಟು ದೂರ ಆಗಿದೆ. ಹೀಗಿದ್ದೂ ಎಳ್ಳು ಬೆಲ್ಲ ನಾನು 14ಕ್ಕೇ ತಿನ್ನುತ್ತೇನೆ. ಡಿಸೆಂಬರ್ 22ಕ್ಕೆ ಯಾರು ಕೊಡುತ್ತಾರೆ?

ಹಳೇ ಬಸ್

2011ರಲ್ಲಿ ನಾನು ಪುಲ್ಮೇಡುವಿನಲ್ಲಿ ಇದ್ದೆ.

ನಮ್ಮ ಗುಂಪಿನಲ್ಲಿ ಹೋದವರು 14 ಜನ. ಬಂದವರು 13.

ಜ್ಯೋತಿ ಕಂಡಿತು. ಶರಣು ಕೂಗಿದೆವು. ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ಹೊರಟರು, ದಾರಿ ಚಿಕ್ಕದು, ದೀಪ ಇರಲಿಲ್ಲ. ಮುಂದೆ ಏನಾಯಿತು ಅಂತ ಹಿಂದಿನವರಿಗೆ ಗೊತ್ತಾಗಲಿಲ್ಲ. ಹಿಂದಿನವರು ತಳ್ಳಿದರು. ಅಷ್ಟೇ ಬರೆಯುತ್ತೇನೆ.

ಪುರಾವೆ ಎಲ್ಲಿ ಅವರೇ, ನೀವು ಬರೆದ ಸಂಖ್ಯೆ ಸರಿ. ಆದರೆ ಒಂದು ಮಾತು. ತೀರಿಹೋದ ನಮ್ಮ ಸ್ವಾಮಿಗೆ ಅದು ಮನುಷ್ಯರು ಹಚ್ಚುವುದು ಅಂತ ಗೊತ್ತಿತ್ತು. ಜೀಪಿನಲ್ಲಿ ಹೋಗುವಾಗ ಅವರೇ ನಮಗೆ ಹೇಳಿದ್ದು. ಗೊತ್ತಿದ್ದೂ ಬಂದಿದ್ದರು. ಹಾಗಾಗಿ ಸತ್ಯ ಹೇಳಿದರೆ ಜನ ಬರುವುದಿಲ್ಲ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ದಾರಿಗೆ ಬೇಲಿ, ದೀಪ, ಪೊಲೀಸು ಇದ್ದಿದ್ದರೆ ಅವರು ಇರುತ್ತಿದ್ದರು. ಪವಾಡವೇ ಆಗಿದ್ದರೂ ಅದಕ್ಕೆ ಬೇಲಿ ಬೇಕಾಗುತ್ತಿತ್ತು.

ಪುರಾವೆ ಎಲ್ಲಿ

ಕ್ಷಮಿಸಿ ಹಳೇ ಬಸ್ ಅವರೇ. ನಾನು ಅವರನ್ನು ಬರೀ ಸಂಖ್ಯೆಯಾಗಿ ಬರೆದುಬಿಟ್ಟೆ.

ಬರಿಗಾಲು

ಎಲ್ಲಾ ಓದಿದೆ. ಹಳೇ ಬಸ್ ಅವರದನ್ನು ಮೂರು ಸಲ ಓದಿದೆ.

ಒಗ್ಗರಣೆ ಅವರೇ, ಬಾಣ ಚುಚ್ಚಿದ. ನಮ್ಮ ಗುಂಪಿನ ಗುರುಸ್ವಾಮಿ ಆ ಕತೆ ಹೇಳಿದ ಮೇಲೆ ಹುಡುಗ ಸಪ್ಪಗಾದ. "ನಾನು ಬಂದಿದ್ದಕ್ಕೇ ಅವಳಿಗೆ ಮದುವೆ ತಪ್ತಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಒಲೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಅಮ್ಮನೂ ನಾಲ್ಕಕ್ಕೇ ಎದ್ದಳು. ನನ್ನ ವ್ರತ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದು ಮಾತ್ರ ನಾನು.

ನನ್ನದೇ ಒಂದು ಕಳ್ಳತನ ಈ ಮಾತುಗಳ ನಡುವೆ ಸಿಕ್ಕಿಬಿತ್ತು. ಎರುಮೇಲಿಯಲ್ಲಿ ಪೇಟೆ ತುಳ್ಳಲ್ ಕುಣಿದು ವಾವರ್ ಮಸೀದಿಗೆ ಸುತ್ತು ಬರುತ್ತೇವೆ. ಅಯ್ಯಪ್ಪನ ಗೆಳೆಯ ಒಬ್ಬ ಮುಸ್ಲಿಮ್, ಅವನನ್ನು ಮಾತಾಡಿಸದೆ ಬೆಟ್ಟ ಹತ್ತುವ ಹಾಗಿಲ್ಲ. ಈ ಕತೆ ನನಗೆ ಎಷ್ಟು ಇಷ್ಟ ಅಂದರೆ ನಾಲ್ಕು ವರ್ಷದಲ್ಲಿ ಒಂದು ದಿನವೂ ಅದಕ್ಕೆ ಪುರಾವೆ ಕೇಳಿಲ್ಲ. ಜ್ಯೋತಿಗೆ ಮಾತ್ರ ಕೋರ್ಟಿನ ತನಕ ಹೋಗಿ ಪುರಾವೆ ಹುಡುಕಿದೆ. ಇಷ್ಟವಾದದ್ದಕ್ಕೆ ಒಂದು ತಕ್ಕಡಿ, ಆಗದ್ದಕ್ಕೆ ಇನ್ನೊಂದು. ಆಫೀಸಿನಲ್ಲಿ ಹೀಗೆ ಟೆಸ್ಟಿಂಗ್ ಮಾಡಿದರೆ ಕೆಲಸದಿಂದ ಕಿತ್ತುಹಾಕುತ್ತಾರೆ.

ಕೋವೂರ್ ಕತೆಯ ಬಗ್ಗೆ. ಬಾಟಲಿ ಕೊಡುವ ಹೊತ್ತಿಗೆ ಅವರೂ ನನ್ನ ಹಾಗೇ "ಹೂಂ, ಗಂಗೆಯದೇ" ಅಂದವರು ತಾನೆ? ಆಮೇಲೆ ಬಾಯಿಬಿಟ್ಟು ಹೇಳಿದರು. ನಾನು ಇನ್ನೂ ಹೇಳಿಲ್ಲ.

ಗುರುಸ್ವಾಮಿಗಳೇ, ನಿಮ್ಮ ಉತ್ತರ ನನಗೆ ಅವತ್ತು ಹೊಳೆಯಬೇಕಿತ್ತು. "ಯಾರೋ ಹಚ್ಚುತ್ತಾರೆ ಕಣೋ, ನಮಗೆ ಇಲ್ಲಿಂದ ಕಾಣುತ್ತೆ." ಎಷ್ಟು ಸುಲಭ ಇತ್ತು. ಅವನು ಸ್ವಾಮಿ ಅಂತ ಕರೆದು ಕೇಳಿದ. ಸ್ವಾಮಿ ಅನ್ನಿಸಿಕೊಂಡವನು ಇಲ್ಲ ಅನ್ನಬಾರದು ಅನ್ನಿಸಿಬಿಟ್ಟಿತು.

ತುಂಗೆಯ ದಡ

ಹೇಳು ತಮ್ಮಾ. ಇನ್ನೂ ಹನ್ನೊಂದು ವರ್ಷದವನು. ದೊಡ್ಡವನಾಗಿ ಬೇರೆಯವರ ಬಾಯಿಂದ ಕೇಳಿದರೆ ನಿನ್ನನ್ನೂ ಬಿಡುತ್ತಾನೆ, ಅಯ್ಯಪ್ಪನನ್ನೂ ಬಿಡುತ್ತಾನೆ. ನಮ್ಮ ಗುಂಪಿನಲ್ಲೇ ಇಬ್ಬರು ಹಾಗೆ ಬಿಟ್ಟು ಹೋದರು. ತಪ್ಪು ಅವರದಲ್ಲ.

ಪುರಾವೆ ಎಲ್ಲಿ

ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಗುರುಸ್ವಾಮಿಯ ಮಾತಿಗೆ ತಲೆಯಾಡಿಸುತ್ತಿದ್ದೇನೆ.

ಸುಮ್ನೆ ಓದೋನು

ಇದಕ್ಕೆ ಯಾರಾದರೂ ಪುರಾವೆ ಇಟ್ಟುಕೊಳ್ಳಿ.

ಬರಿಗಾಲು

ನಾಲ್ಕು ದಿನ ಆಯಿತು. ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಭಿಷೇಕದ ತುಪ್ಪ ಒಂದು ಚಿಕ್ಕ ಡಬ್ಬಿಯಲ್ಲಿ ಕೊಡುವುದಿತ್ತು, ಅದೇ ನೆಪ.

ಹುಡುಗ ಅಂಗಳದಲ್ಲಿ ಸೈಕಲ್ ಚೈನು ಹಾಕುತ್ತಿದ್ದ. ಕೈಯೆಲ್ಲ ಮಸಿ. ಅಂಗಾಲಿನ ಬೊಬ್ಬೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಪಕ್ಕದಲ್ಲಿ ಕೂತು ಹೇಳಿದೆ. "ಅವತ್ತು ಕೇಳಿದೆಯಲ್ಲ, ತಾನಾಗೇ ಹತ್ತುತ್ತಾ ಅಂತ. ನಾನು ಹೂಂ ಅಂದೆ. ಅದು ಸುಳ್ಳು ಕಣೋ. ಆ ಬೆಟ್ಟದ ಮೇಲೆ ಜನ ಇರ್ತಾರೆ. ಅವರು ಹಚ್ತಾರೆ."

ಅವನು ಚೈನು ಬಿಡಲಿಲ್ಲ. ಪೆಡಲ್ ಒಂದು ಸುತ್ತು ತಿರುಗಿಸಿದ. ಚೈನು ಮತ್ತೆ ಕಳಚಿತು. ಅಳುತ್ತಾನೆ ಅಂದುಕೊಂಡೆ, ಇಲ್ಲವೇ ಸಿಟ್ಟಾಗುತ್ತಾನೆ. ಎರಡೂ ಆಗಲಿಲ್ಲ. ಸುಮಾರು ಹೊತ್ತಾದ ಮೇಲೆ ಕೇಳಿದ:

"ಅಣ್ಣಾ, ಹಚ್ಚೋರಿಗೆ ನಾವು ಕೂಗೋದು ಕೇಳಿಸುತ್ತಾ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.

"ಅವರಿಗೆ ನಮ್ಮ ಕಡೆಯಿಂದ ಏನು ಕಾಣುತ್ತೆ?"

ಅದೂ ಗೊತ್ತಿಲ್ಲ ಅಂದೆ. "ಕೇಳಿಕೊಂಡು ಬರಬೇಕಿತ್ತು" ಅಂತ ನನ್ನನ್ನೇ ಬೈದ. ಆಮೇಲೆ ನಾನು ಸೈಕಲ್ ಎತ್ತಿ ಹಿಡಿದೆ, ಅವನು ಚೈನು ಹಾಕಿದ.

ಒಗ್ಗರಣೆ

ಚಿಕ್ಕಮ್ಮನಿಗೆ ಹೇಳಿದಿರಾ?

ಬರಿಗಾಲು

ಅವನೇ ಒಳಗೆ ಓಡಿಹೋಗಿ ಹೇಳಿದ. ಚಿಕ್ಕಮ್ಮ ನನ್ನನ್ನು ಒಂದು ಥರ ನೋಡಿದರು. ಊಟ ಮಾತ್ರ ಬಡಿಸಿದರು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಹನ್ನೊಂದು ಸಲ ಹೋದವರು, ಅವರಿಗೆ ಗೊತ್ತೇ ಇರಬಹುದು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಾರೆ. ಇವತ್ತು ರಾತ್ರಿ ಕೇಳಬೇಕು ಅಂತಿದ್ದೇನೆ.